ಇಪ್ಪತ್ತೇಳು ವಾರಗಳ ಹಿಮ

ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ ಬೀಗದಮ್ಮ ಭೂತಗನ್ನಡಿಯನ್ನು ಪಕ್ಕಕ್ಕಿಟ್ಟು, ಮೇಜಿನ ದೀಪವನ್ನು ಹಾಳೆಯ ಮಟ್ಟಕ್ಕೆ ಬಗ್ಗಿಸಿ ಇನ್ನೊಮ್ಮೆ ನೋಡಿದಳು. ಬೆಳಕು ಓರೆಯಾಗಿ ಬಿದ್ದಾಗ ಎಲ್ಲವೂ ಸ್ಪಷ್ಟವಾಯಿತು. ಇಪ್ಪತ್ತೊಂದನೇ ವಾರದ ನಕ್ಷೆಯಲ್ಲಿ, ಜಲಸಂಧಿಗೆ ಅಡ್ಡವಾಗಿ ಎಳೆದ ಕಪ್ಪು ಇಂಕಿನ ಗೆರೆಯ ಕೆಳಗೆ ಪೆನ್ಸಿಲ್ ಚುಕ್ಕೆಗಳ ಸಾಲೊಂದಿತ್ತು. ಯಾರೋ ಅದನ್ನು ರಬ್ಬರಿನಿಂದ ಉಜ್ಜಿ ಅಳಿಸಿದ್ದರು. ಉಜ್ಜಿದ ಕಡೆ ಕಾಗದ ಸ್ವಲ್ಪ ಎದ್ದಿತ್ತು. ಚುಕ್ಕೆಗಳ ಮಸಿ ಎಡದಿಂದ ಬಲಕ್ಕೆ ಬಾಲದ ಹಾಗೆ ಎಳೆದುಕೊಂಡಿತ್ತು. ಇಪ್ಪತ್ತೆರಡನೇ ವಾರದ ಹಾಳೆಯಲ್ಲೂ ಹಾಗೆಯೇ, ಇಪ್ಪತ್ತಮೂರರಲ್ಲೂ ಹಾಗೆಯೇ. ಆ ವರ್ಷದ ಉಳಿದ ನಲವತ್ತೊಂಬತ್ತು ಹಾಳೆಗಳಲ್ಲಿ ಹೀಗೆ ಅಳಿಸಿದ ಚುಕ್ಕೆಗಳಿರಲಿಲ್ಲ.

ಹಿಮನಕ್ಷೆ ಕಚೇರಿಯ ದಾಖಲೆ ಕೋಣೆ ಅವಳ ಸುಪರ್ದಿನಲ್ಲಿತ್ತು. ಏಳು ಕಬ್ಬಿಣದ ಕಪಾಟು, ಏಳು ಬೀಗ. ಮಂತ್ರಿಯೇ ಬಂದರೂ ಪುಸ್ತಕದಲ್ಲಿ ಹೆಸರು, ಹೊತ್ತು ಬರೆಯದೆ ಕೀಲಿ ಕೊಡುವುದಿಲ್ಲ ಎಂದು ಹಟ ಹಿಡಿಯುತ್ತಿದ್ದುದರಿಂದ ಬೀಗದಮ್ಮ ಎಂಬ ಹೆಸರು ಬಿದ್ದಿತ್ತು. ಎದುರಿಗೇ ಹಾಗೆ ಕರೆದರೂ ಅವಳು ಬೇಸರ ಮಾಡಿಕೊಳ್ಳುತ್ತಿರಲಿಲ್ಲ.

ಕಚೇರಿಯ ಕೆಲಸ ಹೇಳಲು ಸರಳ. ವಾರಕ್ಕೊಮ್ಮೆ ಉಪಗ್ರಹದ ಚಿತ್ರಗಳನ್ನು ನೋಡಿ, ಉತ್ತರದ ಕಡಲಿನಲ್ಲಿ ಹಿಮ ಎಲ್ಲಿಯವರೆಗೆ ಹರಡಿದೆ ಎಂದು ಗುರುತಿಸಿ ಹಡಗುಗಳಿಗೆ ಕಳಿಸುವುದು. ಈಗ ಎಲ್ಲ ಕಂಪ್ಯೂಟರಿನಲ್ಲಿ. ಆಗ ಕಾಗದದ ಮೇಲೆ. ಕಣ್ಣಿಗೆ ಕಂಡ ಅಂಚಿಗೆ ಇಂಕಿನ ಗೆರೆ. ಮೋಡ ಮುಚ್ಚಿ ಕಾಣದಿದ್ದರೆ ಹಿಂದಿನ ವಾರದ ಅಂಚನ್ನೇ ಪೆನ್ಸಿಲ್ ಚುಕ್ಕೆಗಳಲ್ಲಿ ಇಡುತ್ತಿದ್ದರು. ಗೆರೆ ಅಂದರೆ ನೋಡಿದ್ದು, ಚುಕ್ಕೆ ಅಂದರೆ ಊಹೆ.

ಆ ಹಳೆಯ ಹಾಳೆಗಳ ಮೇಲೆ ಈಗ ಎರಡು ದೇಶಗಳ ಕಣ್ಣು ಬಿದ್ದಿತ್ತು. ಹನ್ನೊಂದು ವರ್ಷದ ಹಿಂದೆ ಸರ್ಕಾರ ಜಲಸಂಧಿಯಲ್ಲಿ ಡಾಂಬರಿನಂಥ ದಪ್ಪ ಎಣ್ಣೆ ಉರಿಸುವ ಹಡಗುಗಳನ್ನು ನಿಷೇಧಿಸಿತ್ತು. ತೀರದಿಂದ ಇನ್ನೂರು ಮೈಲಿಯೊಳಗಿನ ಕಡಲು ವರ್ಷದ ಬಹುಪಾಲು ಹಿಮದಿಂದ ಮುಚ್ಚಿದ್ದರೆ ಮಾತ್ರ ಒಂದು ದೇಶ ಹೀಗೆ ಪರದೇಶದ ಹಡಗುಗಳಿಗೂ ತನ್ನ ಕಟ್ಟುನಿಟ್ಟು ಹೇರಬಹುದು ಎನ್ನುತ್ತದೆ ಅಂತಾರಾಷ್ಟ್ರೀಯ ಕಡಲ ಕಾನೂನು. ಹಿಮ ಕರಗುತ್ತ ಬಂದಂತೆ ಆ ಸಾಲೇ ಜಗಳಕ್ಕೆ ಮೂಲವಾಯಿತು. ಹಡಗು ಮಾಲೀಕರ ಪರವಾಗಿ ಇನ್ನೊಂದು ದೇಶ ನ್ಯಾಯಮಂಡಳಿಯ ಮೆಟ್ಟಿಲೇರಿತು. ಬಹುಪಾಲು ಎಂದರೆ ಎಷ್ಟು ಎಂದು ಕಾನೂನಿನಲ್ಲಿ ಬರೆದಿಲ್ಲ. ಎರಡೂ ಕಡೆಯವರು ವರ್ಷಗಟ್ಟಲೆ ಎಳೆದಾಡಿ ಕೊನೆಗೆ ಒಂದು ಲೆಕ್ಕಕ್ಕೆ ಒಪ್ಪಿದ್ದರು: ನಿಷೇಧ ಬಂದ ವರ್ಷದ ಐವತ್ತೆರಡು ನಕ್ಷೆಗಳಲ್ಲಿ ಇಂಕಿನ ಗೆರೆ ಜಲಸಂಧಿಯನ್ನು ಮುಚ್ಚಿದ ವಾರಗಳನ್ನು ಎಣಿಸಬೇಕು, ಚುಕ್ಕೆಯ ವಾರಗಳನ್ನು ಬಿಡಬೇಕು. ಎಣಿಕೆ ಇಪ್ಪತ್ತೇಳು ಬಂದಿತ್ತು. ಅರ್ಧಕ್ಕಿಂತ ಒಂದು ಹೆಚ್ಚು. ಮೂರು ವಾರ ಕಳೆದರೆ ಇಪ್ಪತ್ತನಾಲ್ಕು. ಆಗ ನಿಷೇಧ ನಿಲ್ಲುವುದಿಲ್ಲ.

ಶುಕ್ರವಾರ ಹನ್ನೊಂದು ಗಂಟೆಗೆ ಬೀಗದಮ್ಮ ಸರ್ಕಾರಿ ವಕೀಲರ ಮುಂದೆ ಅಫಿಡವಿಟ್‌ಗೆ ಸಹಿ ಹಾಕಬೇಕಿತ್ತು: ಈ ನಕ್ಷೆಗಳು ಆಗ ಬರೆದಂತೆಯೇ ಇವೆ, ಇಂಕಿನ ಗೆರೆಯೆಲ್ಲ ಕಣ್ಣಿಗೆ ಕಂಡ ಹಿಮವೇ. ಎಣಿಕೆಯನ್ನು ಎಲ್ಲರೂ ಸ್ಕ್ಯಾನ್ ಪ್ರತಿಗಳಿಂದ ಮಾಡಿದ್ದರು. ಮೂಲ ನೋಡದೆ ಸಹಿ ಹಾಕಿ ಅವಳಿಗೆ ಅಭ್ಯಾಸವಿರಲಿಲ್ಲ. ಅದಕ್ಕೇ ಕಪಾಟು ತೆರೆದಿದ್ದಳು.

ಹನ್ನೊಂದು ವರ್ಷದ ಹಿಂದೆಯೇ ತೆಗೆದ ಸ್ಕ್ಯಾನ್ ಪ್ರತಿಯಲ್ಲಿ ಈ ಮೂರೂ ವಾರ ಗೆರೆಯೊಂದೇ ಇತ್ತು, ಚುಕ್ಕೆ ಇರಲಿಲ್ಲ. ಅಂದರೆ ಚುಕ್ಕೆಗಳು ಆಮೇಲೆ ಬಂದಿವೆ. ನೋಡಿ, ಇದು ಊಹೆಯ ಗೆರೆ, ಇವರು ಅಳಿಸಿ ಇಂಕು ಬಳಿದಿದ್ದಾರೆ ಎಂದು ಮಂಡಳಿಯ ಮುಂದೆ ತೋರಿಸಲು ಯಾರೋ ಇಟ್ಟು ಒರೆಸಿದ್ದಾರೆ. ಅವಳಿಗೆ ತೋಚಿದ್ದು ಇದು.

ಯಾರು ಎಂದು ಹುಡುಕಲು ಐದು ನಿಮಿಷವೂ ಬೇಕಾಗಲಿಲ್ಲ. ಕೀಲಿ ಪುಸ್ತಕದಲ್ಲಿ ಈ ಹಾಳೆಗಳಿದ್ದ ನಾಲ್ಕನೇ ಕಪಾಟಿನ ಹೆಸರಿಗೆ ಎರಡು ವರ್ಷದಲ್ಲಿ ಒಂದೇ ನಮೂದು. ಎಂಟು ತಿಂಗಳ ಹಿಂದೆ, ಅವಳು ಹಲ್ಲುನೋವೆಂದು ರಜೆ ಹಾಕಿದ್ದ ದಿನ, ಎರಡೂವರೆಯಿಂದ ಮೂರೂ ಹತ್ತರವರೆಗೆ. ಸಹಿ ಅವಳ ಭಾವನದು.

ಭಾವ ಅಕ್ಕನ ಗಂಡ. ಮೂವತ್ತು ವರ್ಷ ಇದೇ ಕಚೇರಿಯಲ್ಲಿ ನಕ್ಷೆ ವಿಭಾಗದ ಮುಖ್ಯಸ್ಥ. ಆಗಿನ ಕಾಲದಲ್ಲಿ ಹಾಳೆ ಬರೆದವರು ಸಹಿ ಹಾಕುತ್ತಿರಲಿಲ್ಲ, ಮುಖ್ಯಸ್ಥ ಮಾತ್ರ ಹಾಕುತ್ತಿದ್ದ. ಆದ್ದರಿಂದ ಆ ಐವತ್ತೆರಡು ಹಾಳೆಗಳ ಮೂಲೆಯಲ್ಲೂ ಭಾವನದೇ ಸಹಿ. ಬೀಗದಮ್ಮನನ್ನು ಈ ಕೆಲಸಕ್ಕೆ ಸೇರಿಸಿದ್ದೂ ಅವನೇ. ನಿವೃತ್ತಿಯಾದ ಮುಂದಿನ ತಿಂಗಳೇ ಅವನು ಹಡಗು ಮಾಲೀಕರ ಸಂಘಕ್ಕೆ ಸಲಹೆಗಾರನಾಗಿ ಸೇರಿದ್ದ. ಕೀಲಿ ತೆಗೆದುಕೊಂಡದ್ದು ನಿವೃತ್ತಿಗೆ ಒಂದು ವಾರ ಮುಂಚೆ.

ಅವಳು ಆ ಪುಟದ ಫೋಟೊ ತೆಗೆದುಕೊಂಡಳು.

ಮಂಗಳವಾರ ವಕೀಲರಿಗೆ ಹೇಳಿದಳು. ಹೇಳುವಾಗ ಭಾವ ಎನ್ನಲಿಲ್ಲ, ಹಿಂದಿನ ಮುಖ್ಯಸ್ಥರು ಎಂದಳು. ವಕೀಲರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, ಫೋಟೊವನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೋಡಿದರು. ಅವರಿಗೆ ಗಾಬರಿಯಾದಂತೆ ಕಾಣಲಿಲ್ಲ. ಎದುರು ಪಕ್ಷದ ಸಲಹೆಗಾರನೇ ಸಾಕ್ಷ್ಯ ಕೆಡಿಸಿದ್ದಾನೆ ಎಂದು ತೋರಿಸಿದರೆ ಅವರ ಕಡೆಯ ಬೇರೆ ಮಾತನ್ನೂ ಮಂಡಳಿ ನಂಬುವುದಿಲ್ಲ ಎಂದು ಲೆಕ್ಕ ಹಾಕಿದರು. ಅಫಿಡವಿಟ್‌ಗೆ ಒಂಬತ್ತನೇ ಪ್ಯಾರಾ ಸೇರಿಸುತ್ತೇನೆ, ಶುಕ್ರವಾರದವರೆಗೆ ಯಾರ ಹತ್ತಿರವೂ ಬಾಯಿ ಬಿಡಬೇಡಿ ಎಂದರು. ಸದ್ಯಕ್ಕೆ ಫೋಟೊದ ಪ್ರತಿ ಕೊಟ್ಟದ್ದಕ್ಕೆ ಅವಳ ಸಹಿ ಬೇಕಿತ್ತು. ಪೆನ್ನನ್ನು ಅವಳ ಬಲಗೈ ಬಳಿ ಇಟ್ಟರು. ಅವಳು ಅದನ್ನು ಎತ್ತಿ ಎಡಗೈಗೆ ಹಾಕಿಕೊಂಡು ಸಹಿ ಮಾಡಿದಳು.

ಹೊರಗೆ ಬಂದ ಮೇಲೆ ಅವಳಿಗೊಂದು ಅನುಮಾನ ಹುಟ್ಟಿತು. ವಕೀಲರಿಗೆ ಈ ವಿಷಯ ಹೊಸದೇ, ಅಥವಾ ಹೊಸದೆಂಬಂತೆ ಕೇಳಿದರೇ. ಕನ್ನಡಕ ಒರೆಸಿದ್ದು ಯೋಚನೆಗೋ, ಮುಖ ಮುಚ್ಚಿಕೊಳ್ಳಲಿಕ್ಕೋ.

ಬುಧವಾರ ಅಕ್ಕ ಊಟಕ್ಕೆ ಕರೆದಿದ್ದಳು. ವಾರವಾರವೂ ಇದ್ದದ್ದೇ. ಹೋಗದಿದ್ದರೆ ಅದೇ ಎದ್ದು ಕಾಣುತ್ತಿತ್ತು. ಅವಳು ಹೋದಳು. ಮೇಜಿನ ಎಡತುದಿಯ ಕುರ್ಚಿಯಲ್ಲಿ, ಚಿಕ್ಕಂದಿನಿಂದ ಮೊಣಕೈ ಯಾರಿಗೂ ತಾಗದಿರಲೆಂದು ತನಗೇ ಬಿಟ್ಟಿದ್ದ ಜಾಗದಲ್ಲಿ, ಕೂತು ಭಾವನನ್ನು ಗಮನಿಸಿದಳು. ಅವಳು ಒಳಗೆ ಬರುತ್ತಿದ್ದಂತೆ ಅವನು ಓದುತ್ತಿದ್ದ ಕಾಗದವನ್ನು ಮಗುಚಿ ಇಟ್ಟಿದ್ದ. ಫೋನ್ ಬಂದಾಗ ಎದ್ದು ಬಾಲ್ಕನಿಗೆ ಹೋಗಿ ಬಾಗಿಲು ಎಳೆದುಕೊಂಡ. ಗಾಜಿನ ಆಚೆ ಅವನ ತುಟಿ ಆಡುವುದು ಕಾಣುತ್ತಿತ್ತು. ತಿರುಗಿ ಬಂದು ಕೂತು, ಕಚೇರಿ ಹೇಗಿದೆ ಎಂದು ಕೇಳಿದ. ಎಂಟು ತಿಂಗಳಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಇವತ್ತೇ ಯಾಕೆ ಕೇಳಿದ?

ಹಾಗೇ ಇದೆ ಎಂದಳು.

ಅಕ್ಕ ಒಂದು ದಂತ ಚಿಕಿತ್ಸಾಲಯದಲ್ಲಿ ಸಹಾಯಕಿ. ಇಬ್ಬರ ಮುಖವನ್ನೂ ನೋಡಿ ನೋಡಿ ಸಾಕಾಗಿ ಸೌಟು ಕೆಳಗಿಟ್ಟಳು.

"ನಮ್ಮಲ್ಲಿಗೆ ಬರೋರು ನೋವಿದ್ರೂ ಬಾಯಿ ತೆಗೀತಾರೆ. ನಿಮ್ಮಿಬ್ರಿಗೆ ಇಕ್ಕಳ ತರ್ಬೇಕಾ?" ಎಂದಳು.

ಇಬ್ಬರೂ ನಕ್ಕರು. ನಗು ತಟ್ಟೆಯ ಅಂಚು ದಾಟಲಿಲ್ಲ. ಅಕ್ಕ ಪಕ್ಕದ ಮನೆಗೆ ಪಾತ್ರೆ ಹಿಂದಿರುಗಿಸಿ ಬರುತ್ತೇನೆ ಎಂದು ಎದ್ದುಹೋದಳು. ಪಾತ್ರೆ ನೆಪ ಎನ್ನುವುದು ಮೂವರಿಗೂ ಗೊತ್ತಿತ್ತು.

ಭಾವ ತಟ್ಟೆಗಳನ್ನು ತೊಳೆಯತೊಡಗಿದ. ಅವಳು ಒರೆಸುವ ಬಟ್ಟೆ ಹಿಡಿದು ಪಕ್ಕದಲ್ಲಿ ನಿಂತಳು. ವಕೀಲರು ಬಾಯಿ ಬಿಡಬೇಡಿ ಎಂದದ್ದು ನೆನಪಿತ್ತು. ಮೂರನೇ ತಟ್ಟೆ ಕೈಗೆ ಬಂದಾಗ ಕೇಳಿಯೇಬಿಟ್ಟಳು.

"ನಾಲ್ಕನೇ ಕಪಾಟು ಯಾಕೆ ತೆಗೆದ್ರಿ ಭಾವ?"

ಅವನು ನಲ್ಲಿ ನಿಲ್ಲಿಸಿದ. ಯಾವ ಕಪಾಟು, ಯಾವತ್ತು ಎಂದು ಕೇಳಲಿಲ್ಲ. ಅದೇ ಅವಳಿಗೆ ಸಾಕ್ಷಿಯೆನಿಸಿತು.

"ಇಪ್ಪತ್ತೊಂದು, ಇಪ್ಪತ್ತೆರಡು, ಇಪ್ಪತ್ತಮೂರು," ಎಂದ. "ನೋಡಿದ್ಯಾ? ಬರೀ ನೋಡಿದ್ಯಾ, ಸರಿಯಾಗಿ ನೋಡಿದ್ಯಾ?"

ಚುಕ್ಕೆ ಯಾರು ಇಟ್ಟದ್ದು ಎಂದು ಅವಳು ಕೇಳಿದಳು. ಸ್ಕ್ಯಾನ್‌ನಲ್ಲಿ ಇಲ್ಲದ್ದು ಹಾಳೆಯಲ್ಲಿ ಹೇಗೆ ಬಂತು ಎಂದೂ ಕೇಳಿದಳು. ಭಾವ ಸಾವಕಾಶವಾಗಿ ಕೈ ಒರೆಸಿಕೊಂಡ. ಆ ಹಳೆಯ ಸ್ಕ್ಯಾನರ್ ಫ್ಯಾಕ್ಸ್‌ಗೆಂದು ಇಟ್ಟಿದ್ದು, ಕಡು ಕಪ್ಪು ಬಿಟ್ಟರೆ ಬೇರೇನೂ ಹಿಡಿಯುತ್ತಿರಲಿಲ್ಲ, ಅಳಿಸಿದ ಪೆನ್ಸಿಲನ್ನು ಹಿಡಿಯುತ್ತದೆಯೇ ಎಂದ. ಆ ಮೂರು ವಾರ ಮೋಡದಾಚೆಗೂ ನೋಡಬಲ್ಲ ರಾಡಾರ್ ಉಪಗ್ರಹ ಕೆಟ್ಟು ಕೂತಿತ್ತು. ಬರೀ ಕ್ಯಾಮೆರಾ ಚಿತ್ರ, ಅದರ ತುಂಬ ಮೋಡ. ಜಲಸಂಧಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ನಕ್ಷೆ ಬರೆಯುವವನು ಬೆನ್ನುನೋವೆಂದು ಮಲಗಿದ್ದ. ಅವನ ಜಾಗದಲ್ಲಿ ದಾಖಲೆ ಕೋಣೆಯಿಂದ ಒಬ್ಬರನ್ನು ತಂದು ಕೂರಿಸಿದ್ದರು.

ತಟ್ಟೆ ಅವಳ ಕೈಯಲ್ಲೇ ಇತ್ತು.

"ಗೋಡೆ ಮೇಲೆ ನಾನೇ ಬರೆಸಿದ್ದೆನಲ್ಲ," ಎಂದ ಭಾವ. "ಅನುಮಾನ ಇದ್ರೆ ಹಿಮ ಅಂತಲೇ ಬರಿ ಅಂತ. ಅದು ಹಡಗಿಗೆ ಹೋಗೋ ಫ್ಯಾಕ್ಸ್‌ಗೆ. ನೀರಿದೆ ಅಂತ ಹೇಳಿ ಒಬ್ಬ ಗುದ್ದಿಕೊಳ್ಳೋದಕ್ಕಿಂತ, ಹಿಮ ಇದೆ ಅಂತ ಹೇಳಿ ಹತ್ತು ಜನ ಸುತ್ತಿಕೊಂಡು ಹೋಗ್ಲಿ. ಮೂಲದ ಮೇಲೆ ಚುಕ್ಕೆ ಇರ್ಬೇಕು, ಅದರ ಮೇಲೆ ಟ್ರೇಸಿಂಗ್ ಹಾಳೆ ಇಟ್ಟು ಇಂಕಲ್ಲಿ ಗೆರೆ ಎಳೀಬೇಕು, ಆ ಟ್ರೇಸಿಂಗ್ ಕಳಿಸ್ಬೇಕು. ನೀನು ಮೂಲದ ಚುಕ್ಕೆನೇ ಅಳಿಸಿ ಅಲ್ಲೇ ಇಂಕು ಹಾಕ್ದೆ. ಮೂರೂ ವಾರ."

"ನಾನೇ ಅನ್ನೋದಕ್ಕೆ ಏನಿದೆ? ಸಹಿ ನಿಮ್ಮದು."

"ಮಸಿ ಯಾವ ಕಡೆ ಎಳೆದಿದೆ ನೋಡು. ಎಡದಿಂದ ಬಲಕ್ಕೆ. ಬಲಗೈಯವನ ಕೈ ಖಾಲಿ ಕಾಗದದ ಮೇಲೆ ಮುಂದೆ ಹೋಗುತ್ತೆ. ತಾನಿಟ್ಟ ಚುಕ್ಕೆ ಮೇಲೆ ತಾನೇ ಅಂಗೈ ಎಳ್ಕೊಂಡು ಹೋಗೋದು ಎಡಚರು. ಆ ಕಚೇರಿಯಲ್ಲಿ ಅಂಥವರು ಎಷ್ಟು ಜನ ಇದ್ದಾರೆ?"

ಅವಳು ತಟ್ಟೆಯನ್ನು ಕಟ್ಟೆಯ ಮೇಲಿಟ್ಟಳು. ನಿಮಗೆ ಆಗಲೇ ಗೊತ್ತಾಗಿತ್ತೇ ಎಂದು ಕೇಳಿದಳು. ಗೊತ್ತಾಗಿತ್ತು, ಬಿಟ್ಟೆ ಎಂದ. ಆ ವಾರ ನಕ್ಷೆ ಬೇಕಾಗಿದ್ದದ್ದು ಹಡಗುಗಳಿಗೆ. ಹನ್ನೊಂದು ವರ್ಷದ ಮೇಲೆ ಯಾರೋ ಕೋರ್ಟಿನಲ್ಲಿ ಅದನ್ನು ಹರಡಿಕೊಂಡು ವಾರ ಎಣಿಸುತ್ತಾರೆಂದು ಕನಸು ಬಿದ್ದಿತ್ತೇ.

"ಹಾಗಾದ್ರೆ ಎಂಟು ತಿಂಗಳು ನನಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ನಿಮ್ಮ ವಕೀಲರಿಗೆ ಹೇಳ್ಬೇಕಾಗ್ತಿತ್ತು. ಗೊತ್ತಿಲ್ಲದೆ ಸಹಿ ಹಾಕಿದ್ರೆ ಅದು ಸುಳ್ಳಾಗಲ್ಲ."

ಸಂಘದವರು ಕೆಲಸಕ್ಕೆ ಕರೆದಾಗ, ಒಪ್ಪುವ ಮುಂಚೆ ಆ ಹಾಳೆಗಳನ್ನೊಮ್ಮೆ ನೋಡಬೇಕೆನಿಸಿತು, ಅದಕ್ಕೇ ಕೀಲಿ ತೆಗೆದುಕೊಂಡೆ ಎಂದ. ಅವರಿಗೆ ಈ ವಿಷಯ ಹೇಳಿಲ್ಲ. ಆ ಒಂದು ವರ್ಷದ ಬಗ್ಗೆ ನನ್ನನ್ನು ಏನೂ ಕೇಳಕೂಡದೆಂದು ಷರತ್ತು ಹಾಕಿಯೇ ಸೇರಿದ್ದೇನೆ ಎಂದ.

ಅವಳಿಗೆ ಸಮಾಧಾನವಾಗಲಿಲ್ಲ. ಇಂಥ ವರ್ಷದ ಬಗ್ಗೆ ಕೇಳಬೇಡಿ ಎಂದರೆ, ಎಲ್ಲಿ ಅಗೆಯಬೇಕೆಂದು ಬೆರಳು ಮಾಡಿ ತೋರಿಸಿದಂತೆಯೇ ಅಲ್ಲವೇ. ಅಷ್ಟು ತಿಳಿಯದವನಲ್ಲ ಭಾವ. ಮಂಡಳಿಯ ಮುಂದೆ ಅವಳು ಇಪ್ಪತ್ತೇಳು ಎಂದು ಪ್ರಮಾಣ ಮಾಡುವವರೆಗೆ ಕಾದು, ಆಮೇಲೆ ಎದುರು ವಕೀಲರು ಈ ಮೂರು ಹಾಳೆಗಳನ್ನು ಎತ್ತಿ ಹಿಡಿದರೆ, ಮೂರು ವಾರವಷ್ಟೇ ಹೋಗುವುದಿಲ್ಲ. ಅವಳೂ ಹೋಗುತ್ತಾಳೆ, ಇಡೀ ಕಪಾಟೂ ಹೋಗುತ್ತದೆ. ಅದಕ್ಕೇ ಕಾಯುತ್ತಿದ್ದಾರೆಯೇ?

ಭಾವ ಅವಳನ್ನೇ ನೋಡುತ್ತಿದ್ದ.

"ನನ್ನ ಹೆಸರು ವಕೀಲರ ಹತ್ರ ಹೇಳಿದ್ಯಾ?" ಎಂದ.

ಅವಳು ಉತ್ತರ ಕೊಡುವಷ್ಟರಲ್ಲಿ ಅಕ್ಕ ಬಾಗಿಲು ತಟ್ಟಿದಳು. ಉತ್ತರ ಉಳಿದುಹೋಯಿತು, ಅಥವಾ ಅವಳು ಉಳಿಸಿಕೊಂಡಳು.

ಗುರುವಾರ ಎಂಟಕ್ಕೇ ಕಚೇರಿಗೆ ಹೋದಳು. ಭಾವನ ಬಾಯಿಮಾತನ್ನು ನಂಬಿ ಅಫಿಡವಿಟ್ ಬದಲಿಸುವುದೂ, ತನ್ನ ಅನುಮಾನವನ್ನು ನಂಬಿ ಸಹಿ ಹಾಕುವುದೂ ಒಂದೇ ಎಂದು ದಾರಿಯಲ್ಲಿ ತೀರ್ಮಾನಿಸಿದ್ದಳು. ನಾಲ್ಕನೇ ಕಪಾಟಿನ ಕೆಳಗಿನ ಅರೆಯಲ್ಲಿ ಆ ವರ್ಷದ ಹಾಜರಿ ಪುಸ್ತಕವಿತ್ತು. ಸೋಮವಾರವೇ ಅದನ್ನು ತೆರೆದು ನೋಡಬಹುದಿತ್ತು. ಕೀಲಿ ಪುಸ್ತಕದಲ್ಲಿ ಭಾವನ ಸಹಿ ಕಂಡ ಮೇಲೆ ಬೇರೆ ಪುಸ್ತಕ ಬೇಕೆನಿಸಿರಲಿಲ್ಲ.

ಇಪ್ಪತ್ತನೇ ವಾರದ ಕೊನೆಯ ಸಾಲಿನಲ್ಲಿ ನಕ್ಷೆಗಾರ ರಜೆ. ಇಪ್ಪತ್ತೊಂದರಿಂದ ಇಪ್ಪತ್ತಾರರವರೆಗೆ ಬದಲಿ ಎಂದು ಬರೆದು ಅವಳದೇ ಮೊದಲಕ್ಷರ. ಅಕ್ಷರ ಕೂಡ ಬಲಕ್ಕೆ ಸವರಿಕೊಂಡಿತ್ತು. ಯಾವತ್ತೋ ಆರು ವಾರ ಬದಲಿಗೆ ಕೂತಿದ್ದು ಅವಳಿಗೆ ನೆನಪಿತ್ತು. ಯಾವ ವರ್ಷ, ಯಾವ ವಾರ ಎನ್ನುವುದು ನೆನಪಿರಲಿಲ್ಲ. ಆ ಕುರ್ಚಿ ನೆನಪಿತ್ತು, ಎದುರಿನ ಗೋಡೆಯ ಮೇಲಿನ ದಪ್ಪ ಅಕ್ಷರಗಳು ನೆನಪಿದ್ದವು. ಅನುಮಾನವಿದ್ದರೆ ಹಿಮ. ಅವಳು ಹೇಳಿದಂತೆ ಮಾಡುವವಳು. ಆ ಗೋಡೆ ಏನು ಹೇಳಿತೋ ಅದನ್ನೇ ಕಾಗದದ ಮೇಲೆ ಮಾಡಿದ್ದಳು.

ಉಳಿದ ಮೂರು ವಾರದ ಹಾಳೆಗಳನ್ನೂ ತೆಗೆದು ದೀಪದಡಿ ಹಿಡಿದಳು. ಆ ಹೊತ್ತಿಗೆ ಉಪಗ್ರಹ ಸರಿಹೋಗಿತ್ತು, ಚುಕ್ಕೆಗಳಿರಲಿಲ್ಲ. ಆದರೆ ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದ ದಿನಾಂಕಗಳ ಮಸಿ ಬಲಕ್ಕೇ ಎಳೆದಿತ್ತು. ಉಜ್ಜಿದ ಗುರುತು ಎಂದು ಸೋಮವಾರ ಅವಳು ಅಷ್ಟು ಖಚಿತವಾಗಿ ನಂಬಿದ್ದ ಬಾಲ ತನ್ನ ಅಂಗೈಯದು.

ಇಪ್ಪತ್ತಮೂರನೇ ವಾರದಲ್ಲಿ ಕಾಣದ ಹಿಮ ಇಪ್ಪತ್ತನಾಲ್ಕರಲ್ಲಿ ಮೋಡ ಸರಿದಾಗಲೂ ಇರಲಿಲ್ಲ. ಜಲಸಂಧಿ ಖಾಲಿ ನೀರಾಗಿತ್ತು. ಆ ಮೂರು ವಾರಗಳಲ್ಲಿ ಅದು ಯಾವಾಗ ಒಡೆಯಿತು ಎಂದು ಹೇಳುವವರು ಈಗ ಯಾರೂ ಇಲ್ಲ.

ಶುಕ್ರವಾರ ಹನ್ನೊಂದಕ್ಕೆ ವಕೀಲರ ಕೋಣೆಯಲ್ಲಿ ಅಫಿಡವಿಟ್ ಸಿದ್ಧವಾಗಿತ್ತು. ಒಂಬತ್ತನೇ ಪ್ಯಾರಾದಲ್ಲಿ ಭಾವನ ಪೂರ್ತಿ ಹೆಸರು, ಕೀಲಿ ತೆಗೆದ ದಿನ, ಹೊತ್ತು. ಅವಳು ಅದನ್ನು ಎರಡು ಸಲ ಓದಿ, ಅಡ್ಡಗೆರೆ ಎಳೆದು ಹೊಡೆದುಹಾಕಿದಳು. ಹಾಜರಿ ಪುಸ್ತಕವನ್ನೂ ಆರು ಹಾಳೆಗಳನ್ನೂ ಮೇಜಿನ ಮೇಲಿಟ್ಟು, ಮೂರು ವಾರದ ಗೆರೆ ತಾನೇ ಎಳೆದದ್ದು, ಹಿಮವನ್ನು ಯಾರೂ ನೋಡಿರಲಿಲ್ಲ ಎಂದಳು.

ವಕೀಲರು ಈ ಸಲ ಕನ್ನಡಕ ತೆಗೆಯಲಿಲ್ಲ. ನಿಮ್ಮ ಭಾವ ಹೇಳಿಕೊಟ್ಟದ್ದೇ ಎಂದು ಕೇಳಿದರು. ಅಂದರೆ ಸಂಬಂಧ ಅವರಿಗೆ ಗೊತ್ತಿತ್ತು; ಮಂಗಳವಾರ ಅವಳು ಹೇಳಿರಲಿಲ್ಲ. ಭಾವ ಹೇಳಿದ್ದು ನಿಜ, ಆದರೆ ಪುಸ್ತಕ ಹೇಳುವುದೂ ಅದನ್ನೇ, ನೀವೇ ನೋಡಿ ಎಂದಳು. ಅವರು ನೋಡಿದರು. ನಿಧಾನವಾಗಿ, ಪ್ರತಿ ಸಾಲನ್ನೂ.

"ಇದರ ಅರ್ಥ ಗೊತ್ತಾ ನಿಮಗೆ?" ಎಂದರು. "ಮುಂದಿನ ಬೇಸಿಗೆಗೆ ಆ ಹಡಗುಗಳು ಒಳಗೆ ಬರ್ತವೆ. ಒಂದು ಒಡೆದ್ರೆ ಆ ಎಣ್ಣೆ ಹಿಮದಡಿ ಸೇರ್ಕೊಂಡು ಹೆಪ್ಪುಗಟ್ಟುತ್ತೆ. ತೆಗೆಯೋಕೆ ಯಾರ ಕೈಲೂ ಆಗಲ್ಲ. ಇಂಕಿನ ಮೂರು ಗೆರೆ ಅದನ್ನು ತಡೀತಿತ್ತು."

ಅವಳಿಗೆ ಗೊತ್ತಿತ್ತು. ಆ ಕಡಲಿನ ಒಂದೊಂದು ಕೊಲ್ಲಿಯ ಆಕಾರವೂ ಅವಳ ಕೈಗೆ ಪಾಠವಾಗಿತ್ತು. ಅದಕ್ಕೇ ಎರಡು ರಾತ್ರಿ ನಿದ್ದೆ ಬಂದಿರಲಿಲ್ಲ.

"ಕಂಡಿದ್ದೇನೆ ಅಂತ ಬರೆಯೋಕೆ ಹೇಳ್ತಿದ್ದೀರಿ," ಎಂದಳು. "ನಾನು ಕಂಡಿಲ್ಲ ಸರ್."

ಹೊಸ ಒಂಬತ್ತನೇ ಪ್ಯಾರಾವನ್ನು ಅವಳೇ ಕೈಯಾರೆ ಬರೆದಳು. ಐದು ಸಾಲು. ವಕೀಲರು ಅದನ್ನು ಓದಿ, ಕೆಲಸಕ್ಕೆ ಕುತ್ತು ಬರಬಹುದು, ವಿಚಾರಣೆಯಂತೂ ಖಂಡಿತ ಎಂದರು. ಆಮೇಲೆ ಕಾನೂನಿನಲ್ಲಿ ಬೇರೆ ದಾರಿ ಇದೆಯೇ ನೋಡುತ್ತೇನೆ, ಇಪ್ಪತ್ತನಾಲ್ಕಕ್ಕೂ ವಾದ ಇರಬಹುದು ಎಂದರು. ಇದೆಯೋ ಇಲ್ಲವೋ, ಅವರ ಮುಖದಿಂದ ತಿಳಿಯಲಿಲ್ಲ. ಸಹಿ ಹಾಕುವಾಗ ಅವಳು ಅಂಗೈಯನ್ನು ಕಾಗದದಿಂದ ಎತ್ತಿ ಹಿಡಿದಳು.

ಬೀದಿಗೆ ಬಂದು ಬಸ್ಸಿಗೆ ಕಾಯುವಾಗ ಒಂದು ವಿಷಯ ಹೊಳೆಯಿತು. ಸಂಘದವರಿಗೆ ಭಾವ ಹೇಳಿದ್ದನೋ ಇಲ್ಲವೋ ಎಂದು ತಿಳಿಯುವ ದಾರಿ ಒಂದೇ ಇತ್ತು: ಅವಳು ಇಪ್ಪತ್ತೇಳು ಎಂದು ಹೇಳಬೇಕಿತ್ತು, ಎದುರು ವಕೀಲರು ಎದ್ದು ನಿಲ್ಲುತ್ತಾರೋ ಇಲ್ಲವೋ ನೋಡಬೇಕಿತ್ತು. ಈಗ ತಾನಾಗಿಯೇ ಹೇಳಿಬಿಟ್ಟಿದ್ದಾಳೆ. ಇನ್ನು ಅವರು ಏನು ಕೇಳಿದರೂ ಅದು ಅವಳ ಕಾಗದದಿಂದಲೇ ಬಂದದ್ದಾಗುತ್ತದೆ. ಭಾವನ ಮಾತು ನಿಜವೋ ಸುಳ್ಳೋ, ಆ ಮೂರು ವಾರಗಳ ಹಾಗೆಯೇ, ಯಾರಿಗೂ ಕಾಣದೆ ಹೋಯಿತು.

ಫೋನು ಮಿಡಿಯಿತು. ಭಾವನ ಸಂದೇಶ: ಸಹಿ ಆಯ್ತಾ?

ಕೇಳುತ್ತಿರುವುದು ಅಕ್ಕನ ಗಂಡನೋ, ಸಂಘದ ಸಲಹೆಗಾರನೋ. ಅವಳು ಎರಡು ಸಲ ಓದಿದಳು. ಮಂಗಳವಾರದಿಂದ ಮೂರು ದಿನ ಒಂಬತ್ತನೇ ಪ್ಯಾರಾದಲ್ಲಿ ಅವನ ಹೆಸರಿತ್ತು ಎನ್ನುವುದನ್ನು ಅವಳೂ ಹೇಳಿರಲಿಲ್ಲ. ಬಸ್ಸು ಬಂತು. ಹತ್ತಿ ಕೂತು, ಎಡಗೈಯ ಹೆಬ್ಬೆರಳಿನಿಂದ ಉತ್ತರ ಒತ್ತಿದಳು.

"ಸಂಜೆ ಪ್ರತಿ ನಿಮ್ಮ ವಕೀಲರಿಗೆ ತಲುಪುತ್ತೆ ಭಾವ. ಅದರಲ್ಲೇ ಓದಿ. ಅಕ್ಕನಿಗೆ ಹೇಳಿ, ಬುಧವಾರ ಬರ್ತೀನಿ."